ಮಾಖಾ ಓಡಿದ ಗುಡ್ಡ

ನಮ್ಮ ಮನೆಯವರ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತೆ, ಮಾತು ನಿಲ್ಲಲ್ಲ. ಮದುವೆಯಾದ ಹೊಸದರಲ್ಲಿ ಇದನ್ನ ನಾನು ಒಳ್ಳೇತನ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ರಾಮಮೂರ್ತಿ ಅನ್ನೋ ಈ ಮನುಷ್ಯನ ಕಿವಿಗೆ ಒಂದು ಸಿಹಿ ಸುದ್ದಿ ಬಿದ್ದರೆ ಅದನ್ನ ಇನ್ನೊಬ್ಬರಿಗೆ ದಾಟಿಸೋವರೆಗೂ ಅವರಿಗೆ ನಿದ್ದೆ ಬರಲ್ಲ ಅಂತ. ವುಲ್ವರ್‌ಹ್ಯಾಂಪ್ಟನ್‌ನಲ್ಲಿ ನಮ್ಮ ಮನೆಗೆ ಮಾರ್ಟ್‌ಗೇಜ್ ಸಾಲ ಸಿಕ್ಕಿದ್ದು ನನಗಿಂತ ಮೊದಲು ಪಕ್ಕದ ಮನೆ ಸರ್ದಾರ್ಜಿಗೆ ಗೊತ್ತಾಗಿತ್ತು. ಅವರು ಲಾಡು ಹಿಡಿದುಕೊಂಡು ಬಂದು ಬಾಗಿಲು ತಟ್ಟಿದಾಗ ನಾನು ಯಾತಕ್ಕೆ ಅಂತ ಕೇಳಬೇಕಾಯಿತು.

ಅದಕ್ಕೇ ಈ ಸಲ ಕೃತಿ ನನಗೊಬ್ಬಳಿಗೇ ಹೇಳಿದಳು. ಕೃತಿ ನಮ್ಮ ಒಬ್ಬಳೇ ಮಗಳು. ಲೆಮಿಂಗ್ಟನ್ ಸ್ಪಾದಲ್ಲಿ ವಿಡಿಯೋ ಗೇಮ್ ಮಾಡೋ ಒಂದು ಸ್ಟುಡಿಯೋದಲ್ಲಿ ಗೇಮಿನೊಳಗಿನ ಬೆಟ್ಟ, ಕೋಟೆ, ಕಾಡು ಬರೆಯೋ ಕೆಲಸ. ಅಳಿಯ ಮಯೂರ್ ಮ್ಯಾಕಲ್ಸ್‌ಫೀಲ್ಡ್‌ನ ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಮಾಡ್ತಾನೆ, ವಾರಕ್ಕೊಮ್ಮೆ ಮನೆಗೆ ಬರ್ತಾನೆ. ಜುಲೈ ತಿಂಗಳಲ್ಲಿ ಒಂದು ಶನಿವಾರ ಇವಳು ನಮ್ಮ ಅಡಿಗೆಮನೆಗೆ ಬಂದು, ಮುಂದಿನ ರೂಮಿನಲ್ಲಿ ಕೂತಿದ್ದ ಅಪ್ಪನಿಗೆ ಕೇಳಿಸಬಾರದು ಅಂತ ನಲ್ಲಿ ಪೂರ್ತಿ ತಿರುಗಿಸಿ, "ಅಮ್ಮ, ಮತ್ತೆ ಆಗಿದೆ" ಅಂದಳು. ನಾನು ಬೇಳೆ ತೊಳೀತಿದ್ದೆ. ಕೈ ಅಲ್ಲೇ ನಿಂತುಹೋಯಿತು. "ಅಪ್ಪನಿಗೆ ಹೇಳಬೇಡ. ನನ್ನ ಮೇಲೆ ಆಣೆ" ಅಂದಳು.

ಇದು ಮೂರನೇ ಬಸಿರು. ಮೊದಲನೇ ಸಲ ಇವರು ಸಂಘಕ್ಕೆಲ್ಲ ಡಂಗುರ ಸಾರಿದ್ದರು. ಸಂಘ ಅಂದರೆ ನಮ್ಮ ಕನ್ನಡ ಸಂಘ, ಇನ್ನೂರು ಜನ, ಬಾಯಿ ನಾನೂರು. ಎಂಟನೇ ವಾರಕ್ಕೇ ಸಂಘದ ಹಿರಿಯರು ಭಾಗೀರಥಮ್ಮ ಕುಲಾವಿ ಹೆಣೆದು ಕೊಟ್ಟರು. ಒಂಬತ್ತನೇ ವಾರಕ್ಕೆ ಹೋಯಿತು. ಆಮೇಲೆ ಆ ಹುಡುಗಿ ಸೊಪ್ಪು ತರೋಕೆ ಅಂಗಡಿಗೆ ಹೋದರೂ ಯಾರಾದರೂ ಬಂದು ಕೈ ಹಿಡಿದು, "ಈಗ ಎಷ್ಟು ತಿಂಗಳಮ್ಮ?" ಅನ್ನೋರು. ಅವಳು ಒಬ್ಬೊಬ್ಬರಿಗೂ ಹೇಳಬೇಕು. ಹೇಳಿ, ಅವರು ಅತ್ತರೆ ಅವರನ್ನೇ ಸಮಾಧಾನ ಮಾಡಬೇಕು. ಎರಡನೇ ಸಲ ಇವರಿಂದ ಪ್ರಮಾಣ ಮಾಡಿಸಿಕೊಂಡೇ ಹೇಳಿದ್ದೆವು. ಇವರು ಪ್ರಮಾಣ ಮುರೀಲಿಲ್ಲವಂತೆ, ಅಧ್ಯಕ್ಷ ಹರಿಶ್ಚಂದ್ರನಿಗೆ ಒಬ್ಬನಿಗೆ ಮಾತ್ರ ಹೇಳಿದರಂತೆ. ಹರಿಶ್ಚಂದ್ರನಿಗೆ ಹೇಳೋದೂ ಒಂದೇ, ಮೈಕಿನಲ್ಲಿ ಹೇಳೋದೂ ಒಂದೇ. ಅದೂ ಉಳೀಲಿಲ್ಲ, ಮತ್ತೆ ಅದೇ ಮೆರವಣಿಗೆ.

ಮೂರು ತಿಂಗಳು ತುಂಬೋವರೆಗೂ ಹೊರಗೆ ಬಾಯಿಬಿಡಬಾರದು ಅಂತ ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ದೃಷ್ಟಿಯಾಗುತ್ತೆ ಅಂತ ಅವರು ಹೇಳೋರು. ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡೋಳು, ದೃಷ್ಟಿಯಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಆದರೆ ಕಳಕೊಂಡ ಹೆಣ್ಣು ಊರಿಗೆಲ್ಲ ಉತ್ತರ ಹೇಳಿಕೊಂಡು ತಿರುಗೋದನ್ನ ಎರಡು ಸಲ ಕಣ್ಣಾರೆ ನೋಡಿದ್ದೀನಿ. ಹಿರಿಯರು ಸುಮ್ಮನೆ ಮಾಡಿದ್ದಲ್ಲ.

ಇಷ್ಟಾದರೆ ಹೇಗೋ ನಿಭಾಯಿಸ್ತಿದ್ದೆ. ಅಷ್ಟರಲ್ಲಿ ಇವರು ಗಣೇಶನ ಹಬ್ಬದ ಕಮಿಟಿ ಮೀಟಿಂಗಿಗೆ ಹೋದರು. ಹರಿಶ್ಚಂದ್ರ ತನ್ನ ಮಗಳು ಶ್ರಾವ್ಯಳ ಭರತನಾಟ್ಯದ ವರ್ಣನೆ ಮುಗಿಸಿ, "ನಿಮ್ಮ ಕೃತಿ ಡ್ಯಾನ್ಸ್ ಬಿಟ್ಟೇಬಿಟ್ಟಳಲ್ಲ, ಪಾಪ" ಅಂದನಂತೆ. ಸಾಕಲ್ಲ. "ಬಿಟ್ಟಿದ್ದಾಳೆ ಅಂತ ಯಾರ್ರೀ ಹೇಳಿದ್ದು? ನನ್ನ ಮಗಳು ಇವತ್ತಿಗೂ ಗೆಜ್ಜೆ ಕಟ್ಟಿದರೆ ಮುಕ್ಕಾಲು ಗಂಟೆ ನಿಲ್ಲದೆ ಕುಣೀತಾಳೆ. ನಿಮ್ಮ ಹುಡುಗೀರೆಲ್ಲ ಸಾಲಾಗಿ ನಿಂತರೂ ಅವಳಿಗೆ ಸಮ ಆಗಲ್ಲ" ಅಂತ ಇವರು ತೊಡೆ ತಟ್ಟಿ ಬಂದರು. ಮಾರನೇ ಬೆಳಿಗ್ಗೆ ವಾಟ್ಸಾಪಿನಲ್ಲಿ ಪೋಸ್ಟರ್ ಬಂತು. ಕೃತಿಯ ಕಾಲೇಜಿನ ಕಾಲದ ಫೋಟೋ, ಕೆಳಗೆ ಹಬ್ಬದ ವಿಶೇಷ ಆಕರ್ಷಣೆ ಅಂತ ಹಳದಿ ಅಕ್ಷರ. ನನ್ನ ಮೈಯೆಲ್ಲ ಉರಿದು ಹೋಯಿತು.

ಕೃತಿಗೆ ಫೋನ್ ಮಾಡಿದೆ. ಅವಳು "ಪರವಾಗಿಲ್ಲ, ಕುಣೀತೀನಿ" ಅಂದಳು.

"ನಿನಗೇನು ತಲೆ ಕೆಟ್ಟಿದೆಯಾ? ಆರನೇ ವಾರದಲ್ಲಿ ಬ್ಲೀಡಿಂಗ್ ಆಗಿದೆ. ಆಯಾಸ ಮಾಡಿಕೋಬೇಡ ಅಂತ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದಾರೆ."

"ಅಮ್ಮ, ಇಟ್ಸ್ ಈಸಿಯರ್. ಬೇಡ ಅಂದರೆ ಯಾಕೆ ಅಂತಾರೆ. ಹುಷಾರಿಲ್ಲ ಅಂದರೆ ಭಾಗೀರಥಿ ಆಂಟಿ ಸೀದಾ ನನ್ನ ಹೊಟ್ಟೆ ನೋಡ್ತಾರೆ. ಐ ಕಾಂಟ್ ಡೂ ದಟ್ ಅಗೇನ್. ಎಲ್ಲರಿಗೂ ಹೇಳೋದಕ್ಕಿಂತ ಕುಣಿಯೋದು ಸುಲಭ."

ಇವರಿಗೆ ವಿಷಯ ಹೇಳಿದರೆ ಊರಿಗೆ ಹೇಳಿದ ಹಾಗೆ. ಹೇಳದೆ ಇದ್ದರೆ ಮಗಳು ಗೆಜ್ಜೆ ಕಟ್ಟಿಕೊಂಡು ಸ್ಟೇಜ್ ಹತ್ತುತ್ತಾಳೆ. ಎರಡು ವಾರ ನನಗೆ ಊಟ ಸೇರಲಿಲ್ಲ. ಇವರ ಮುಖ ಕಂಡರೆ ಸಿಡುಕುತ್ತಿದ್ದೆ. "ಯಾಕೆ ಅಂಬು, ಬಿಪಿ ಜಾಸ್ತಿಯಾಗಿದೆಯಾ? ಜಿಪಿ ಡಾಕ್ಟರ್ ಹತ್ತಿರ ತೋರಿಸಿಕೋ" ಅನ್ನೋರು.

ಇದರ ಮಧ್ಯೆ ಐರ್ಲೆಂಡ್ ಪ್ರವಾಸ. ಆಗಸ್ಟ್ ಬ್ಯಾಂಕ್ ಹಾಲಿಡೇಗೆ ಅಂತ ಜನವರಿಯಲ್ಲೇ ಗೊತ್ತು ಮಾಡಿದ್ದು. ಡಬ್ಲಿನ್ನಿಗೆ ಹೋಗಿ, ಅಲ್ಲಿಂದ ಬೋಯ್ನ್ ನದಿ ಹತ್ತಿರ ಇರೋ ಪ್ರಾಚೀನ ಕಲ್ಲಿನ ಸಮಾಧಿಗಳನ್ನ ನೋಡಬೇಕು ಅಂತ ಕೃತಿಗೆ ಬಹಳ ವರ್ಷದ ಆಸೆ. ಹೊರಡೋದಕ್ಕೆ ಒಂದು ವಾರ ಇದೆ ಅನ್ನುವಾಗ ಅವಳು ಎಲ್ಲರ ಪಾಸ್‌ಪೋರ್ಟ್ ಕೇಳಿದಳು. ನಾನೂ ಅವಳೂ ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡು ಯಾವ ಕಾಲವಾಯಿತೋ. ಇವರು ಮಾತ್ರ ನಾನು ಸಾಯೋವರೆಗೂ ಭಾರತೀಯ ಅಂತ ಭಾಷಣ ಮಾಡಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದಾರೆ. ಅದಕ್ಕೆ ಡಬ್ಲಿನ್ನಿಗೆ ಬೇರೆ ವೀಸಾ ಬೇಕು. ಇಂಗ್ಲೆಂಡಿನಲ್ಲಿ ಕಾಲು ಶತಮಾನ ಕೌನ್ಸಿಲ್ ಟ್ಯಾಕ್ಸ್ ಕಟ್ಟಿದ್ದೀನಿ ಅಂದರೆ ಅಲ್ಲಿ ಕೇಳೋರಿಲ್ಲ. ಪಕ್ಕದ ದೇಶ ಅಷ್ಟೆ, ಬಸ್ಸು ಹತ್ತಿದ ಹಾಗೆ ಹೋಗಿ ಬರಬಹುದು ಅಂತ ಇವರು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು.

ಕೃತಿ ಬೈಯಲಿಲ್ಲ. ರಾತ್ರೋರಾತ್ರಿ ಎಲ್ಲಾ ಬದಲಾಯಿಸಿದಳು. ಐರ್ಲೆಂಡಿನ ನೆಲದಲ್ಲೇ ಇದ್ದರೂ ಬೆಲ್‌ಫಾಸ್ಟ್ ಇನ್ನೂ ಯುಕೆ ಒಳಗೇ ಇದೆ, ವೀಸಾ ಬೇಡ. ಅಲ್ಲಿಂದ ಒಂದು ಗಂಟೆ ದೂರದಲ್ಲಿ ಆರ್ಮಾ ಅನ್ನೋ ಊರು. ಊರಾಚೆ ನ್ಯಾವನ್ ಅನ್ನೋ ಗುಡ್ಡ, ಹಳೇ ಹೆಸರು ಎವಿನ್ ಮಾಖಾ. ಉತ್ತರದ ರಾಜರ ರಾಜಧಾನಿಯಾಗಿತ್ತಂತೆ. ಹೀಗೆ ಇವರ ಪಾಸ್‌ಪೋರ್ಟಿನ ದೆಸೆಯಿಂದ ನಾವು ಯಾರೂ ಹೆಸರು ಕೇಳದ ಜಾಗಕ್ಕೆ ಹೊರಟೆವು. ಮಯೂರನಿಗೆ ರಜೆ ಸಿಗಲಿಲ್ಲ.

ಬರ್ಮಿಂಗ್‌ಹ್ಯಾಮ್‌ನಿಂದ ವಿಮಾನ ಹತ್ತುವಾಗ ಕೃತಿಯ ಬ್ಯಾಗನ್ನ ನಾನು ಕಿತ್ತುಕೊಂಡೆ. "ವಯಸ್ಸಿನ ಹುಡುಗಿ, ಅವಳೇ ಎತ್ತಲಿ ಬಿಡೆ" ಅಂದರು ಇವರು. ಎತ್ತಿ ಅವರ ಕಾಲಿನ ಮೇಲೇ ಇಟ್ಟೆ. ಪಕ್ಕದ ಸೀಟಿನ ಐರಿಶ್ ಮುದುಕಿಗೆ ತಮ್ಮ ಮಗಳು ಎಂಥಾ ನರ್ತಕಿ ಅಂತ ಬೆಲ್‌ಫಾಸ್ಟ್ ಬರೋವರೆಗೂ ಹೇಳಿದರು. ಕೃತಿ ಕಿಟಕಿ ಕಡೆ ಮುಖ ಮಾಡಿಕೊಂಡು ಮಲಗಿದ ಹಾಗೆ ನಟಿಸಿದಳು.

ಗುಡ್ಡದ ಬುಡದಲ್ಲಿ ಒಂದು ಪುಟ್ಟ ಮ್ಯೂಸಿಯಂ ಇದೆ. ಗುಡ್ಡ ಅಗೆದಾಗ ಅಲ್ಲಿ ಒಂದು ಕೋತಿಯ ತಲೆಬುರುಡೆ ಸಿಕ್ಕಿತ್ತಂತೆ. ಆಫ್ರಿಕಾದ ಉತ್ತರದ ತುದಿಯಲ್ಲಿರೋ ಜಾತಿ, ಎರಡು ಸಾವಿರ ವರ್ಷಕ್ಕೂ ಹಿಂದೆ ಯಾರೋ ಹಡಗಿನಲ್ಲಿ ಇಲ್ಲಿಯವರೆಗೆ ತಂದಿದ್ದಾರೆ. ರಾಜನಿಗೆ ಕಾಣಿಕೆ ಇರಬಹುದು ಅಂತಾರೆ. "ನೋಡು, ನಮ್ಮ ಆಂಜನೇಯ ನನಗಿಂತ ಮೊದಲೇ ವೀಸಾ ಇಲ್ಲದೆ ಬಂದಿದ್ದಾನೆ" ಅಂದರು ಇವರು. ಕೃತಿ ನಕ್ಕಳು. ಎರಡು ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನಾನು ಮಾತ್ರ ಆ ಚಳಿಯ ಊರಿಗೆ ಬಂದು ಸತ್ತ ಆ ಪ್ರಾಣಿಯನ್ನೇ ನೆನೆಯುತ್ತಾ ನಿಂತಿದ್ದೆ.

ಮ್ಯೂಸಿಯಮ್ಮಿನ ಹಿಂದೆ ಹಳೇ ಕಾಲದವರ ಹಾಗೆ ಒಂದು ಮನೆ ಕಟ್ಟಿ ಇಟ್ಟಿದ್ದಾರೆ. ಗುಂಡನೆಯ ಮನೆ, ಹುಲ್ಲಿನ ಮಾಡು, ಹೆಣೆದ ಕಡ್ಡಿಗೆ ಮಣ್ಣು ಮೆತ್ತಿದ ಗೋಡೆ. ನಡುವೆ ಬೆಂಕಿ ಉರೀತಿತ್ತು. ಹೊಗೆ ಮೇಲೆ ಹುಲ್ಲಿನಲ್ಲೇ ಇಂಗುತ್ತಿತ್ತು. ಬೆಂಕಿ ಪಕ್ಕ ಉಣ್ಣೆಯ ಮೇಲುಹೊದಿಕೆ ಹೊದ್ದು, ನರೆತ ಕೂದಲನ್ನ ಜಡೆ ಹಾಕಿದ್ದ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಓರ್ಲಾ, ಬಂದವರಿಗೆ ಆ ಜಾಗದ ಕಥೆ ಹೇಳೋದು ಅವಳ ಕೆಲಸ. ಕುರಿ ಚರ್ಮ ಹಾಸಿದ ಬೆಂಚಿನ ಮೇಲೆ ನಾವು ಮೂವರೇ ಕೂತೆವು. ಇವರು ಕೂತ ತಕ್ಷಣ ನಮ್ಮ ಹಂಪಿಯ ವಿಷಯ ಶುರು ಮಾಡಿದರು. ಓರ್ಲಾ ಪೂರ್ತಿ ಕೇಳಿ, ಬೆಂಕಿಗೆ ಒಂದು ಸೌದೆ ಹಾಕಿ, ತನ್ನ ಕಥೆ ತೆಗೆದಳು.

ಬೆಟ್ಟದಲ್ಲಿ ಒಬ್ಬ ಒಕ್ಕಲಿಗ ಇದ್ದನಂತೆ. ಹೆಂಡತಿ ಸತ್ತಿದ್ದಳು. ಒಂದು ದಿನ ಯಾರೂ ಕರೆಯದೆ ಒಬ್ಬ ಹೆಂಗಸು ಮನೆಯೊಳಗೆ ಬಂದಳು. ಯಾರು, ಎಲ್ಲಿಂದ ಬಂದಳು ಅಂತ ಹೇಳಲಿಲ್ಲ. ಬಂದವಳೇ ಬಲಕ್ಕೆ ತಿರುಗಿ ಮನೆಯೊಳಗೆ ಒಂದು ಸುತ್ತು ಬಂದು, ಒಲೆ ಹೊತ್ತಿಸಿ ಅಡಿಗೆ ಮಾಡೋಕೆ ಕೂತಳು. ಬಲಕ್ಕೆ ತಿರುಗಿದರೆ ಮನೆಗೆ ಶುಭ ಅಂತ ಅವರ ನಂಬಿಕೆ. ನನಗೆ ಮೈ ಜುಮ್ಮೆಂದಿತು. ಎಲ್ಲಿಯ ಐರ್ಲೆಂಡು, ಎಲ್ಲಿಯ ಪ್ರದಕ್ಷಿಣೆ. "ನಮ್ಮಲ್ಲೂ ಹಾಗೇ" ಅಂತ ಇವರು ಬಾಯಿ ಹಾಕಿದರು, ನಾನು ಮೊಣಕೈಯಲ್ಲಿ ತಿವಿದೆ.

ಅವಳ ಹೆಸರು ಮಾಖಾ. ಅವಳು ಬಂದ ಮೇಲೆ ಮನೆ ತುಂಬಿತು, ಬೆಳೆ ಹೆಚ್ಚಿತು. ಅವಳು ಬಸುರಿಯಾದಳು. ಆಗ ರಾಜನ ಜಾತ್ರೆ ಬಂತು. ಗಂಡ ಹೊರಟು ನಿಂತಾಗ ಅವಳು ಒಂದೇ ಮಾತು ಹೇಳಿದಳು, ಅಲ್ಲಿ ಜನದ ಮುಂದೆ ನನ್ನ ವಿಷಯ ಎತ್ತಬೇಡ ಅಂತ. ಅವನು ಎತ್ತೋದಿಲ್ಲ ಅಂದ. ಜಾತ್ರೆಯಲ್ಲಿ ರಾಜನ ಕುದುರೆಗಳು ಓಡಿ ಗೆದ್ದವು. ಈ ಕುದುರೆಗೆ ಸಮ ಇನ್ನೊಂದಿಲ್ಲ ಅಂತ ಎಲ್ಲರೂ ಹೊಗಳಿದರು. ಅವನಿಗೆ ತಡೆಯಲಾಗಲಿಲ್ಲ. ನನ್ನ ಹೆಂಡತಿ ಇದಕ್ಕಿಂತ ಜೋರಾಗಿ ಓಡ್ತಾಳೆ ಅಂದುಬಿಟ್ಟ.

ನಾನು ಇವರ ಕಡೆ ನೋಡಲಿಲ್ಲ. ನೋಡೋ ಧೈರ್ಯ ಬರಲಿಲ್ಲ. ಕೃತಿ ಕೋಟಿನೊಳಗೆ ಕೈಯಿಟ್ಟುಕೊಂಡು ಬೆಂಕಿಯನ್ನೇ ನೋಡ್ತಿದ್ದಳು.

ರಾಜ ಅವನನ್ನ ಕಟ್ಟಿಹಾಕಿಸಿದ, ಅವಳನ್ನ ಕರೆಸಿದ. ಅವಳಿಗೆ ಆಗಲೇ ನೋವು ಶುರುವಾಗಿತ್ತು. ಓಡು, ಇಲ್ಲದಿದ್ದರೆ ನಿನ್ನ ಗಂಡನ ತಲೆ ತೆಗೀತೀನಿ ಅಂದ. ಅವಳು ನೆರೆದ ಗಂಡಸರ ಕಡೆ ತಿರುಗಿ, ನಿಮ್ಮನ್ನೂ ಒಬ್ಬ ತಾಯಿ ಹೆತ್ತಿದ್ದಾಳೆ, ನನ್ನ ಹೆರಿಗೆ ಆಗೋವರೆಗೆ ತಡೀರಿ ಅಂತ ಕೇಳಿಕೊಂಡಳು. ಒಬ್ಬನೂ ತುಟಿ ಬಿಚ್ಚಲಿಲ್ಲ. ಅವಳು ಓಡಿದಳು. ಗೆದ್ದಳು. ಕುದುರೆಗಳು ಮುಟ್ಟೋ ಮೊದಲೇ ಗೆರೆ ದಾಟಿ, ಅಲ್ಲೇ ಬಿದ್ದು ಅವಳಿ ಮಕ್ಕಳನ್ನ ಹೆತ್ತಳು. ಎವಿನ್ ಮಾಖಾ ಅಂದರೆ ಮಾಖಾಳ ಅವಳಿಗಳು ಅಂತ ಅರ್ಥವಂತೆ. ನನ್ನ ಕೂಗು ಕೇಳಿದ ಪ್ರತಿ ಗಂಡಸಿಗೂ ಅವನ ಕಷ್ಟದ ಹೊತ್ತಿನಲ್ಲೇ ಹೆರಿಗೆ ನೋವು ಬರಲಿ, ಒಂಬತ್ತು ತಲೆಮಾರಿಗೂ ಬರಲಿ ಅಂತ ಶಾಪ ಕೊಟ್ಟಳು. ಕೆಲವರು ಅವಳು ಅಲ್ಲೇ ಸತ್ತಳು ಅಂತಾರೆ, ಕೆಲವರು ಎದ್ದು ಹೊರಟು ಹೋದಳು ಅಂತಾರೆ.

ಇಷ್ಟು ಹಳೇ ಕಾಲದಲ್ಲಿ, ನಮ್ಮವರ್ಯಾರೂ ಕಾಲಿಡದ ಒಂದು ಗುಡ್ಡದಲ್ಲಿ, ನನ್ನ ಅಡಿಗೆಮನೆಯ ಮಾತನ್ನ ಯಾರು ಹೇಳಿಟ್ಟು ಹೋದರು ಅಂತ ಬೆರಗಾಗಿ ಕೂತಿದ್ದೆ.

"ಅವಳು ಓಡ್ತಾ ಇದ್ದಾಗ ಆ ಗಂಡ ಏನು ಮಾಡ್ತಿದ್ದ?" ಅಂತ ಇವರು ಇಂಗ್ಲಿಷಿನಲ್ಲಿ ಕೇಳಿದರು. ದನಿ ಬೇರೆ ಯಾರದ್ದೋ ಅನ್ನಿಸೋ ಹಾಗಿತ್ತು.

ಓರ್ಲಾ ಯೋಚನೆ ಮಾಡಿದಳು. "ಕಥೆ ಅದನ್ನ ಹೇಳೋದಿಲ್ಲ" ಅಂದಳು.

ಹೊರಗೆ ಬರುವಾಗ ಬಾಗಿಲಿನ ಚೌಕಟ್ಟಿಗೆ ಇವರ ತಲೆ ತಗುಲಿತು, ಅದಕ್ಕೂ ಏನೂ ಅನ್ನಲಿಲ್ಲ.

ಓರ್ಲಾ ನಮ್ಮ ಜೊತೆ ಗುಡ್ಡಕ್ಕೆ ಬಂದಳು. ಹಸುಗಳು ಮೇಯುತ್ತಿದ್ದ ಹೊಲ ದಾಟಿ, ದೊಡ್ಡ ದೊಡ್ಡ ಮರಗಳಿರೋ ಮಣ್ಣಿನ ಏರಿ ಹತ್ತಿ ಇಳಿದರೆ ಒಳಗೆ ವಿಶಾಲವಾದ ಹುಲ್ಲುಬಯಲು. ಅದರ ನಡುವೆ ಒಂದು ದಿಬ್ಬ, ಯಾರೋ ಅಳತೆ ಹಿಡಿದು ಮಾಡಿದ ಹಾಗೆ ಗುಂಡಗೆ. ನೋಡಿದ ತಕ್ಷಣ ನನಗೆ ಇಷ್ಟೇನಾ ಅನ್ನಿಸಿತು. ಒಂದು ಕಂಬ ಇಲ್ಲ, ಒಂದು ಶಿಲ್ಪ ಇಲ್ಲ, ಟಿಕೆಟ್ ಕೇಳೋರೂ ಇಲ್ಲ. ಬರೀ ಹಸಿರು ಹುಲ್ಲು, ಅದರ ಮೇಲೆ ಗಾಳಿ. ಕೃತಿ ನಿಧಾನವಾಗಿ ಹತ್ತಿದಳು. ನಾನು ಅವಳ ಹಿಂದೇ ಕೈ ಅಡ್ಡ ಹಿಡಿದುಕೊಂಡು ಹತ್ತಿದೆ.

ಮೇಲೆ ನಿಂತರೆ ನಾಲ್ಕು ದಿಕ್ಕೂ ಕಾಣುತ್ತೆ. ದೂರದಲ್ಲಿ ಆರ್ಮಾ ಊರಿನ ಎರಡು ಚರ್ಚು, ಅದರಾಚೆ ನೀಲಿ ಬೆಟ್ಟದ ಸಾಲು. ಓರ್ಲಾ ನಮ್ಮ ಕಾಲಿನ ಕೆಳಗೆ ಬೆರಳು ತೋರಿಸಿ, "ಇದರೊಳಗೆ ಒಂದು ಮನೆ ಇದೆ" ಅಂದಳು.

ಮನೆ ಅಂದರೆ ಮನೆಯಲ್ಲ. ಕ್ರಿಸ್ತ ಹುಟ್ಟೋಕೆ ಸುಮಾರು ನೂರು ವರ್ಷ ಮೊದಲು ಇಲ್ಲಿನ ಜನ ಇನ್ನೂರಕ್ಕೂ ಮಿಕ್ಕಿ ಓಕ್ ಮರ ಕಡಿದು ತಂದು, ಸುತ್ತು ಸುತ್ತಾಗಿ ಕಂಬ ನೆಟ್ಟು, ನಡುವೆ ಎಲ್ಲಕ್ಕಿಂತ ಎತ್ತರದ ಒಂದು ಕಂಬ ನಿಲ್ಲಿಸಿ ಮಹಾಮನೆ ಕಟ್ಟಿದರು. ಅಷ್ಟು ದೊಡ್ಡದು ಈ ಸೀಮೆಯಲ್ಲೇ ಇರಲಿಲ್ಲ. ಅದರಲ್ಲಿ ಯಾರೂ ವಾಸ ಮಾಡಲಿಲ್ಲ. ಕಟ್ಟಿ ಮುಗಿದ ಸ್ವಲ್ಪ ಕಾಲಕ್ಕೇ ಒಳಗೆಲ್ಲ ಕಲ್ಲು ತುಂಬಿದರು, ಎದೆಯೆತ್ತರಕ್ಕೂ ಮೇಲೆ. ಆಮೇಲೆ ತಾವೇ ಬೆಂಕಿ ಇಟ್ಟರು. ಹೊರಗೋಡೆ ಉರಿದು ಹೋಯಿತು. ಆ ಬೂದಿಯ ಮೇಲೆ, ಕಲ್ಲಿನ ಮೇಲೆ, ಸುತ್ತಮುತ್ತ ಬೇರೆ ಬೇರೆ ಜಾಗದಿಂದ ಹುಲ್ಲು ಸಮೇತ ಕಡಿದ ಮಣ್ಣಿನ ಹೆಂಟೆ ಹೊತ್ತು ತಂದು ಮುಚ್ಚಿದರು. ನಾವು ನಿಂತಿದ್ದು ಅದರ ನೆತ್ತಿಯ ಮೇಲೆ. ಶತ್ರುಗಳು ಸುಟ್ಟಿದ್ದಲ್ಲ, ಆಕಸ್ಮಿಕವೂ ಅಲ್ಲ. ಮೊದಲಿನಿಂದಲೂ ಮಣ್ಣಿಗೆ ಕೊಡಬೇಕು ಅಂತಲೇ ಕಟ್ಟಿದ್ದಿರಬೇಕು ಅಂದಳು ಓರ್ಲಾ.

ನಾನು ಚಪ್ಪಲಿ ಬಿಟ್ಟೆ. ದೇವಸ್ಥಾನದ ಗರ್ಭಗುಡಿಯ ಮೇಲೆ ಹತ್ತಿ ನಿಂತುಬಿಟ್ಟಿದ್ದೀನೇನೋ ಅಂತ ಭಯವಾಯಿತು. ಎಷ್ಟು ಕೈ, ಎಷ್ಟು ಹೆಗಲು, ಎಷ್ಟು ಬೆವರು. ಕಟ್ಟೋವಾಗಲೂ ಗೊತ್ತು, ಇದು ನಮಗಲ್ಲ ಅಂತ. ಗೊತ್ತಿದ್ದೂ ಒಂದೊಂದು ಕಂಬವನ್ನೂ ನೆಟ್ಟಗೆ ನಿಲ್ಲಿಸಿದ್ದಾರೆ. ಬರಿಗಾಲಿಗೆ ಹುಲ್ಲು ತಣ್ಣಗೆ ತಾಕುತ್ತಿತ್ತು. ನಾನು ನನ್ನ ಜೀವಮಾನದಲ್ಲಿ ಬೇಕಾದಷ್ಟು ಗುಡಿ ಗೋಪುರ ನೋಡಿದ್ದೀನಿ. ಎಲ್ಲೂ ಹೀಗಾಗಿರಲಿಲ್ಲ.

ಕೃತಿ ಹುಲ್ಲಿನ ಮೇಲೆ ಕೂತಳು. ಅಂಗೈಯನ್ನ ನೆಲಕ್ಕೆ ಒತ್ತಿ ಹಿಡಿದಿದ್ದಳು. "ಯಾಕೆ ಹೀಗೆ ಮಾಡಿದರು?" ಅಂತ ಓರ್ಲಾಳನ್ನ ಕೇಳಿದಳು.

"ಗೊತ್ತಿಲ್ಲ. ಬಹಳ ಜನ ಬಹಳ ಥರ ಊಹೆ ಮಾಡಿದ್ದಾರೆ. ಮಾಡಿದವರು ಮಾತ್ರ ಯಾಕೆ ಅಂತ ಯಾರಿಗೂ ಹೇಳದೆ ಹೋದರು."

ಓರ್ಲಾ ದೂರ ಸರಿದ ಮೇಲೆ ಕೃತಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಮುಖ ಮಾತ್ರ ಎಷ್ಟೋ ತಿಂಗಳಿಂದ ನಾನು ನೋಡದ ಹಾಗೆ ಸಡಿಲವಾಗಿತ್ತು. "ಅಮ್ಮ, ಹೋದ ಎರಡಕ್ಕೂ ನಾನು ಏನೂ ಮಾಡಲಿಲ್ಲ. ಅಳೋಕೂ ಟೈಮ್ ಸಿಗಲಿಲ್ಲ. ಎಲ್ಲರಿಗೂ ಎಕ್ಸ್‌ಪ್ಲೇನ್ ಮಾಡೋದೇ ಆಯ್ತು" ಅಂದಳು. ಆಮೇಲೆ ಸ್ವಲ್ಪ ತಡೆದು, "ಇದನ್ನ ಕಟ್ಟಿದವರು ನೋಡು, ಯಾರಿಗೂ ರೀಸನ್ ಕೊಡಲಿಲ್ಲ" ಅಂದಳು. ನಾನು ಅವಳ ತಲೆಯನ್ನ ನನ್ನ ಹೊಟ್ಟೆಗೆ ಒತ್ತಿಕೊಂಡೆ. ಅವಳು ಅತ್ತಳು. ಆ ಎರಡು ಕೂಸುಗಳಿಗೆ ನಾವಿಬ್ಬರೂ ಅತ್ತಿದ್ದು ಆ ಗುಡ್ಡದ ಮೇಲೆ.

ತಲೆ ಎತ್ತಿ ನೋಡಿದರೆ ಇವರು ಇಲ್ಲ. ಕೆಳಗೆ ಬಗ್ಗಿ ನೋಡಿದೆ. ದಿಬ್ಬದ ಬುಡದಲ್ಲಿ ಒಬ್ಬರೇ ಸುತ್ತು ಬರ್ತಿದ್ದರು, ಬಲಕ್ಕೆ. ಕೈ ಮುಗಿದಿದ್ದರು, ತುಟಿ ಬಿಗಿ ಹಿಡಿದಿದ್ದರು. ಗಾಳಿಗೆ ಕೋಟು ಹಾರುತ್ತಿತ್ತು. ಒಂದು ಸುತ್ತು ಮುಗಿಸಿ ಮೇಲೆ ಬಂದರು. ಮಗಳ ಅತ್ತ ಮುಖ ನೋಡಿದರು, ನನ್ನ ಬರಿಗಾಲು ನೋಡಿದರು. ನನ್ನನ್ನ ಒಂದು ಪಕ್ಕಕ್ಕೆ ಕರೆದರು.

"ಅಂಬು, ಅವಳಿಗೆ..." ಅಂದು ನಿಲ್ಲಿಸಿದರು. ನಾನು ಅವಳ ಆಣೆ ನೆನೆಸಿಕೊಂಡು ಕಲ್ಲಿನ ಹಾಗೆ ನಿಂತೆ.

"ಬೇಡ, ಹೇಳಬೇಡ" ಅಂದರು. "ನನಗೆ ಹೇಳಿದರೆ ಹೊರಗೆ ಬರುತ್ತೆ. ನಾನೂ ಕೇಳಲ್ಲ."

ನನಗೆ ಅವರ ಮೇಲಿದ್ದ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ತನ್ನ ಬಾಯಿಗೆ ತಾನೇ ಹೆದರಿ ನಿಂತ ಆ ಮನುಷ್ಯನ ಹಾರುತ್ತಿದ್ದ ಕೋಟಿಗೆ ಗುಂಡಿ ಹಾಕಿದೆ.

ವಾಪಸು ಬರುವಾಗ ವಿಮಾನದಲ್ಲಿ ಕೃತಿಗೆ, "ನೀನು ಕುಣಿಯೋದು ಬೇಡ ಪುಟ್ಟ. ನಾನು ಹೇಳ್ಕೋತೀನಿ" ಅಂದರು. "ಏನಂತ ಹೇಳ್ತೀಯ ಅಪ್ಪ?" ಅಂದಳು ಅವಳು. "ಅದು ನನ್ನ ತಲೆನೋವು" ಅಂದರು. ಕೃತಿ ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ಹೆದರಿಕೆ. ಇವರಿಗೆ ಅರ್ಥವಾಗಿದೆ, ಇನ್ನು ಮೈಕ್ ಕೈಗೆ ಸಿಕ್ಕರೆ ಮುಗೀತು. ಯಾಕೆ ಕುಣಿಯಲ್ಲ ಅಂತ ಜನ ಕೇಳೇ ಕೇಳ್ತಾರೆ, ಕಾರಣ ಹೇಳದೆ ಬಿಟ್ಟ ಮಾತು ಇವರ ಬಾಯಲ್ಲಿ ಇವತ್ತಿನವರೆಗೂ ಬಂದಿಲ್ಲ.

ಹಬ್ಬದ ದಿನ ಸ್ಕೂಲ್ ಹಾಲ್ ತುಂಬಿತ್ತು. ಸ್ಟೇಜಿನ ಒಂದು ಕಡೆ ಗಣಪತಿ, ಹಿಂದೆ ಕಡುಬು, ಪುಳಿಯೋಗರೆಯ ವಾಸನೆ. ಕೃತಿ ಕೊನೇ ಸಾಲಿನಲ್ಲಿ ಕೂತಳು. ನಾನು ಮುಂದೆ, ಇವರ ಪಕ್ಕ. ಹರಿಶ್ಚಂದ್ರ ಮೈಕಿನಲ್ಲಿ ಕೃತಿಯ ಹೆಸರು ಕೂಗೋಕೆ ಬಾಯಿ ತೆಗೆದಾಗ ಇವರು ಎದ್ದು ಹೋಗಿ ಮೈಕ್ ಇಸಕೊಂಡರು.

"ನನ್ನ ಮಗಳು ಇವತ್ತು ಕುಣಿಯಲ್ಲ" ಅಂದರು.

ಹಾಲಿನಲ್ಲಿ ಗುಸುಗುಸು ಎದ್ದಿತು. "ಯಾಕೆ ಸಾರ್? ಸಾಲಾಗಿ ನಿಂತರೂ ಸಮ ಆಗಲ್ಲ ಅಂದಿರಲ್ಲ" ಅಂದ ಹರಿಶ್ಚಂದ್ರ, ನಗುತ್ತಲೇ. ನಾಲ್ಕು ಜನ ನಕ್ಕರು. ಎರಡನೇ ಸಾಲಿನಿಂದ ಭಾಗೀರಥಮ್ಮ ಕತ್ತು ಉದ್ದ ಮಾಡಿ, "ಏನಪ್ಪ ರಾಮಮೂರ್ತಿ, ವಿಶೇಷ ಏನಾದರೂ ಇದೆಯಾ?" ಅಂದರು. ಆಯಮ್ಮನ ದನಿಗೆ ಮೈಕ್ ಬೇಕಾಗಿಲ್ಲ.

ಇನ್ನೂರು ಜನ ಇವರ ಬಾಯನ್ನೇ ನೋಡಿದರು. ನಾನು ಸೀರೆಯ ಸೆರಗನ್ನ ಮುಷ್ಟಿಯಲ್ಲಿ ಹಿಡಿದಿದ್ದೆ. ಇವರ ತುಟಿ ತೆರೆಯಿತು, ಮುಚ್ಚಿತು. ಹಣೆಯಲ್ಲಿ ಬೆವರು ಇಳೀತಿತ್ತು. ಅಷ್ಟು ಕಷ್ಟಪಟ್ಟದ್ದನ್ನ ಅವರ ಹಾರ್ಟ್ ಆಪರೇಷನ್ ಹೊತ್ತಿನಲ್ಲೂ ನಾನು ನೋಡಿರಲಿಲ್ಲ.

"ವಿಶೇಷ ಏನಿಲ್ಲ" ಅಂದರು. "ಅವಳನ್ನ ಒಂದು ಮಾತು ಕೇಳದೆ ಅವಳ ಹೆಸರು ಕೊಟ್ಟೆ. ಬಡಾಯಿ ಕೊಚ್ಚಿಕೊಂಡೆ. ಅಷ್ಟೇ. ಶ್ರಾವ್ಯ ಚೆನ್ನಾಗಿ ಕುಣೀತಾಳೆ, ಅವಳೇ ಕುಣಿಯಲಿ."

ಹಾಲೆಲ್ಲ ನಕ್ಕಿತು. ಯಾರೋ ಹಿಂದಿನಿಂದ ಚಪ್ಪಾಳೆ ಹೊಡೆದರು. ಹರಿಶ್ಚಂದ್ರ ಮೈಕ್ ವಾಪಸು ತಗೊಂಡು, "ರಾಮಮೂರ್ತಿಯವರ ಬಾಯಿಂದ ಈ ಮಾತು ಬಂದಿದ್ದೇ ಇವತ್ತಿನ ವಿಶೇಷ ಆಕರ್ಷಣೆ" ಅಂದ. ಮತ್ತೆ ನಗು. ಇವರೂ ನಕ್ಕ ಹಾಗೆ ಮಾಡಿ ಇಳಿದು ಬಂದರು. ನನ್ನ ಪಕ್ಕ ಕೂರಲಿಲ್ಲ. ಸೀದಾ ಕೊನೇ ಸಾಲಿಗೆ ಹೋಗಿ ಮಗಳ ಪಕ್ಕ ಕೂತರು.

ನಾನು ತಿರುಗಿ ತಿರುಗಿ ನೋಡ್ತಿದ್ದೆ. ಮಂಗಳಾರತಿಗೆ ಎಲ್ಲರೂ ಎದ್ದು ನಿಂತಾಗ ಕೃತಿ ಅಪ್ಪನ ತೋಳು ಹಿಡಿದು, ಕಿವಿಯ ಹತ್ತಿರ ಬಾಯಿ ಇಟ್ಟು ಏನೋ ಅಂದಳು. ಒಂದೇ ಮಾತು ಇರಬೇಕು. ಗಂಟೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗೂ ಇರಲಿಲ್ಲ. ಇವರು ಮಿಸುಕಲಿಲ್ಲ. ಗಣಪತಿಯ ಕಡೆ ನೋಡ್ತಾ ನೆಟ್ಟಗೆ ನಿಂತಿದ್ದರು. ಕಣ್ಣಿಂದ ನೀರು ಇಳಿದು ಗಡ್ಡದವರೆಗೆ ಬಂದರೂ ಒರೆಸಿಕೊಳ್ಳಲಿಲ್ಲ. "ಏನಂದಳು ಸಾರ್ ಮಗಳು, ಬೈದಳಾ?" ಅಂತ ತಟ್ಟೆ ಹಿಡಿದು ಬಂದವರ್ಯಾರೋ ಕೇಳಿದರು. "ಚಳಿಯಾಗ್ತಿದೆಯಂತೆ, ಮನೆಗೆ ಹೋಗೋಣ ಅಂದಳು" ಅಂದರು.

ಕೃತಿ ಲೆಮಿಂಗ್ಟನ್‌ಗೆ ಹೊರಟಳು, ನಾವು ನಮ್ಮ ಕಾರು ಹತ್ತಿದೆವು. ಈಗ ಹೇಳ್ತಾರೆ ಅಂತ ನಾನು ಕಾದೆ. ನನಗೆ ಗೊತ್ತಿದೆ ಅನ್ನೋದು ಅವರಿಗೂ ಗೊತ್ತು. ನನ್ನ ಹತ್ತಿರ ಹೇಳಿದರೆ ಯಾವ ಪ್ರಮಾಣವೂ ಮುರಿಯಲ್ಲ. ಮೊದಲನೇ ಸಿಗ್ನಲ್ ದಾಟಿತು, ಆಸ್ಪತ್ರೆಯ ರೌಂಡಬೌಟ್ ದಾಟಿತು, ಹೇಳಲಿಲ್ಲ. ಸ್ಟೀರಿಂಗನ್ನ ಎರಡೂ ಕೈಯಲ್ಲಿ ಹಿಡಿದು ರಸ್ತೆ ನೋಡ್ತಿದ್ದರು. ನಾನೂ ಕೇಳಲಿಲ್ಲ. ಕೇಳಬಾರದು ಅನ್ನಿಸಿತು. ಮನೆ ಮುಂದೆ ಕಾರು ನಿಲ್ಲಿಸಿ ಇಂಜಿನ್ ಆಫ್ ಮಾಡಿದ ಮೇಲೂ ಇಬ್ಬರೂ ಇಳಿಯದೆ ಹಾಗೇ ಕೂತಿದ್ದೆವು.

"ಅಂಬು" ಅಂದರು.

ಬಂತು ಅಂದುಕೊಂಡೆ.

"ಬೀಗದ ಕೈ ನಿನ್ನ ಹತ್ತಿರ ಇದೆಯಾ?" ಅಂದರು.